ಸೋಮವಾರದ ಆರು ಕಾಯಿಲುಗಳು

ಕಾವೆಂಟ್ರಿ, ೨೪ ನವೆಂಬರ್ ೧೯೧೦, ಗುರುವಾರ. ರಾತ್ರಿ ಹತ್ತೂವರೆ.

ಮಗಳು ವಿನ್ನಿ ಕೆಲಸ ಮಾಡುತ್ತಿದ್ದ ಕಾರ್ಖಾನೆಯಿಂದ ಇವತ್ತು ನನ್ನ ಪರೀಕ್ಷೆಯ ಮೇಜಿಗೆ ಕಾಯಿಲುಗಳ ಪೆಟ್ಟಿಗೆ ಬಂತು, ಮೋಟಾರು ಎಂಜಿನ್ನಿಗೆ ಕಿಡಿ ಕೊಡುವ ತಂತಿಸುರುಳಿಗಳು. ಅವಳು ತೀರಿಹೋಗಿ ಹತ್ತೊಂಬತ್ತು ದಿನ. ಒಂದೊಂದು ಕಾಯಿಲಿನ ಚೀಟಿಯಲ್ಲೂ ಅವಳದೇ ಅಕ್ಷರ: ಹೆಸರು, ಸುತ್ತಿದ ತಾರೀಖು.

ನಿಯಮದಂತೆ ಒಂದೊಂದಕ್ಕೂ ಅರ್ಧ ಗಂಟೆ ವಿದ್ಯುತ್ ಹರಿಸಿ ಬಿಸಿ ಮಾಡಿದೆ. ಆಮೇಲೂ ಕಿಡಿ ಕಾಲು ಇಂಚಿನ ಅಂತರ ಹಾರಿದರೆ ಪಾಸ್. ಅಕ್ಟೋಬರ್ ೨೯ರ ಶನಿವಾರ ಸುತ್ತಿದವುಗಳಲ್ಲೆಲ್ಲ ಕಿಡಿ ಹಾರಿತು. ಮರು ಸೋಮವಾರದ ಆರರಲ್ಲಿ ಒಂದರಲ್ಲೂ ಹಾರಲಿಲ್ಲ. ಒಂದನ್ನು ಬಿಚ್ಚಿದೆ. ತಂತಿಯ ಸುತ್ತುಗಳು ಸಾಲು ತಪ್ಪಿ ಒಂದರ ಮೇಲೊಂದು ಏರಿದ್ದವು. ಸುತ್ತುವಾಗ ಅವಳ ಕೈ ನಡುಗಿದೆ.

ಆ ಸೋಮವಾರ ಊಟಕ್ಕೆ ಕೂತಾಗ, ಯಾಕೆ ಸಪ್ಪಗಿದ್ದೀಯ ಎಂದು ಕೇಳಿದ್ದೆ. "ಏನಿಲ್ಲಪ್ಪ. ಕಾಯಿಲ್ ನೋಡೋ ಹಾಗೆ ನನ್ನ ನೋಡ್ಬೇಡ" ಎಂದು ನಕ್ಕಳು. ನಾನೂ ನಕ್ಕು ಆಲೂಗಡ್ಡೆ ಬಡಿಸಿಕೊಂಡೆ. ಗುರುವಾರ ಹಾಸಿಗೆ ಹಿಡಿದಳು, ಶನಿವಾರ ಇಲ್ಲ. ದಿನವಿಡೀ ದೋಷ ಹುಡುಕುವವನು ನಾನು, ಎದುರಿಗೆ ಕೂತ ಮಗುವಿನ ಕೈಯನ್ನು ನೋಡಲಿಲ್ಲ.

ಚೀಟಿಗಳನ್ನು ನೋಡಿದ ನಮ್ಮ ಮೇಸ್ತ್ರಿ ಹಾಪ್‌ಕ್ರಾಫ್ಟ್ ಪಕ್ಕಕ್ಕೆ ಬಂದು ಮೆಲ್ಲಗೆ, "ಪಾಸ್ ಅಂತ ಬರ್ದುಬಿಡು ಮಾರಾಯ. ಆರು ತಾನೇ, ಯಾರ್ ನೋಡ್ತಾರೆ?" ಅಂದ.

"ಅವಳೇ ಬೈತಿದ್ಲು" ಅಂದೆ.

ಅವಳ ಹೆಸರಿನ ಮುಂದೆ ಆರು ಸಲ 'ತಿರಸ್ಕೃತ' ಎಂದು ಬರೆದೆ.

ನಾಳೆ ಬೆಳಿಗ್ಗೆ ಏಳಕ್ಕೆ, ಈ ಆರನ್ನೂ ಅವಳ ಕಾರ್ಖಾನೆಗೆ ವಾಪಸ್ ಒಯ್ಯಲು ಗಾಡಿ ಬರುತ್ತದೆ. ಅವಳ ಜಾಗದಲ್ಲಿ ಈಗ ಕೂರುವ ಹುಡುಗಿ ಆ ತಂತಿಯನ್ನು ಬಿಚ್ಚಿ, ಮತ್ತೆ ಸುತ್ತುತ್ತಾಳೆ.