ಕೊಳವೆಗಿಂತ ಮೊದಲು ಕಟ್ಟೆ

ಇಸವಿ 2138, ಫೆಬ್ರವರಿ 30
ಕುಷ್ಟಗಿ ಸೀಮೆ

ಕೃಷಿಗೆ ಯಾವ ಕೆಲಸ ಮೊದಲಾಗಬೇಕು, ಯಾವುದು ಆಮೇಲೆ ಎಂದು ತೀರ್ಮಾನಿಸಲು ಕೂತಿರುವ ಹಿರಿಯರಿಗೆ,

ತಾರೀಖು ನೋಡಿ ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮ ಅಜ್ಜಿಯ ಕಾಲದಲ್ಲಿ ತಿಂಗಳುಗಳನ್ನು ಸರಿಮಾಡಿದರು. ಅಂದಿನಿಂದ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ.

ನನ್ನ ಹೆಸರು ರೇಣವ್ವ ಗಾಣಿಗೇರ. ಈ ಸೀಮೆಯ ತೂಗುವವಳು. ಒಂಬತ್ತು ವರ್ಷಕ್ಕೊಮ್ಮೆ ನಮಗೆ ಒಂದು ದೊಡ್ಡ ಕೆಲಸಕ್ಕೆ ಸಾಲುವಷ್ಟು ಸರ್ಕಾರದ ಹಣ ಬರುತ್ತದೆ, ಎರಡಕ್ಕೆ ಸಾಲುವುದಿಲ್ಲ. ಊರುಗಳು ತಮ್ಮ ಬೇಡಿಕೆಗಳನ್ನು ಬರೆದು ಕೊಡುತ್ತವೆ. ಅವನ್ನು ಪರಿಶೀಲಿಸಿ ಮೊದಲಿನದು, ಎರಡನೆಯದು ಎಂದು ಸಾಲಾಗಿ ಜೋಡಿಸುವುದು ನನ್ನ ಕೆಲಸ. ಕೊನೆಯ ಮಾತು ಸೀಮೆಯ ಸಭೆಯದು. ಆದರೂ ಸಭೆ ಸಾಲನ್ನು ಬದಲಿಸಿದ್ದು ಅಪರೂಪ.

ನಿಮ್ಮ ಕಾಲದಲ್ಲಿ ಜನ ಬಿತ್ತನೆಗೆ ಮಳೆ ಕಾಯುತ್ತಿದ್ದರೆಂದು ಓದಿದ್ದೇನೆ. ನಾವು ಕೊಯ್ಲಿನ ಹೊತ್ತಿಗೆ ಮಳೆಗೆ ಹೆದರುತ್ತೇವೆ. ಶೇಂಗಾ ಕಿತ್ತು ಹೊಲದಲ್ಲಿ ಹರವಿದ ವಾರದಲ್ಲೇ ಜಿಟಿಜಿಟಿ ಹಿಡಿದುಕೊಳ್ಳುತ್ತದೆ. ಮೂರು ದಿನ, ಒಮ್ಮೊಮ್ಮೆ ಆರು ದಿನ. ಇದನ್ನು ನಾವು ಹಿಮ್ಮಳೆ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದಿನವರೆಗೂ ಆಗ ಮಂಚದ ಕೆಳಗೆ ಶೇಂಗಾ, ಪಡಸಾಲೆಯಲ್ಲಿ ಶೇಂಗಾ, ಶಾಲೆಯ ಕೋಣೆಗಳಲ್ಲೂ ಶೇಂಗಾ. ಮಕ್ಕಳಿಗೆ ಪಾಠವಿರುತ್ತಿರಲಿಲ್ಲ. ನವಣೆಯ ತೆನೆಗಳನ್ನು ಒಲೆಯ ಮೇಲೆ ಹಗ್ಗಕ್ಕೆ ಕಟ್ಟುತ್ತಿದ್ದೆವು. ಅನ್ನಕ್ಕೆ ವರ್ಷಪೂರ್ತಿ ಹೊಗೆಯ ವಾಸನೆ ಇರುತ್ತಿತ್ತು.

ಕಳೆದ ಸುತ್ತಿನಲ್ಲಿ, ಅಂದರೆ ಒಂಬತ್ತು ವರ್ಷದ ಹಿಂದೆ, ಎರಡು ಬೇಡಿಕೆಗಳು ಎದುರುಬದುರಾದವು. ಮೂಡಲ ದಿಕ್ಕಿನ ಐದು ಊರುಗಳು ಹೊಳೆಯಿಂದ ನೀರೆತ್ತುವ ಕೊಳವೆ ಕೇಳಿದ್ದವು. ಅದಕ್ಕಾಗಿ ಆರು ವರ್ಷ ಊರೂರು ಅಲೆದವನು ನನ್ನ ತಮ್ಮ ಫಕೀರಪ್ಪ. ಕೊಳವೆ ಬಂದೇ ಬರುತ್ತದೆಂದು ನಂಬಿ ಇನ್ನೂರು ಅಂಜೂರದ ಗಿಡ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದ. ಇನ್ನೊಂದು ಬೇಡಿಕೆ ಸಣ್ಣಕುಂಟಿಯ ಹುಲಿಗೆವ್ವ ಎಂಬಾಕೆಯದು, ಅರ್ಧ ಪುಟದ್ದು. ಪ್ರತಿ ಊರಿಗೂ ಒಂದು ಒಣಗಿಸುವ ಕಟ್ಟೆ ಬೇಕು ಎಂದಷ್ಟೇ ಇತ್ತು. ಮೇಲೆ ಸೂರು, ಕೆಳಗೆ ಬಿಸಿಲಿನ ದಿನಗಳಲ್ಲಿ ಕೂಡಿಟ್ಟ ಕಾವಿನ ಗಾಳಿ ಹರಿಯುವ ಕಲ್ಲಿನ ಹಾಸು, ಪಕ್ಕದಲ್ಲಿ ಉಗ್ರಾಣ.

ನನ್ನ ಕೋಷ್ಟಕದಲ್ಲಿ ಒಂದೇ ಪ್ರಶ್ನೆ ಇತ್ತು: ಎಕರೆಗೆ ಬೆಳೆ ಎಷ್ಟು ಹೆಚ್ಚುತ್ತದೆ? ಕೊಳವೆ ಬಹಳ ಮುಂದಿತ್ತು. ಸಾಲು ಮುಗಿಯುವ ಮೊದಲೇ ಖುಷಿಯಲ್ಲಿ ನಿಯಮ ಮೀರಿ ತಮ್ಮನಿಗೆ ಹೇಳಿಬಿಟ್ಟೆ, ಈ ಸಲ ನಿನ್ನದೇ ಎಂದು. ಅವನು ಅಂದೇ ಐದೂರಿಗೂ ಹೋಗಿ ಹೇಳಿ ಬಂದ.

ಬೇಡಿಕೆ ಕೊಟ್ಟವರ ಊರನ್ನು ಕಣ್ಣಾರೆ ನೋಡಿಯೇ ಸಾಲನ್ನು ಮುಗಿಸಬೇಕು. ಸಣ್ಣಕುಂಟಿಗೆ ಹೋದೆ. ಅರವತ್ತು ದಾಟಿದ ಹುಲಿಗೆವ್ವ ಏನನ್ನೂ ಬೇಡಿಕೊಳ್ಳಲಿಲ್ಲ. ಸುಲಿದ ಶೇಂಗಾ ಬೀಜದ ಮೊರವೊಂದನ್ನು ನನ್ನ ಮುಂದಿಟ್ಟು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡು ಅಂದಳು. ಮಾಡುತ್ತ ಹೋದೆ. ಬೂಸ್ಟು ಹಿಡಿದು ಹಸಿರಾದ ಗುಡ್ಡೆಯೇ ದೊಡ್ಡದಾಯಿತು. ಒಳ್ಳೆಯದು ಸಂತೆಗೆ ಹೋಗುತ್ತದೆ, ಇದು ನಮ್ಮ ಊಟಕ್ಕೆ ಎಂದು ಅವಳು ಹೇಳಿದಳು. ಅವಳ ಗಂಡ ಪಿತ್ತಜನಕಾಂಗ ಕೆಟ್ಟು ಸತ್ತಿದ್ದ. ಮಗನ ಹೊಟ್ಟೆಯೂ ಊದತೊಡಗಿತ್ತು.

“ಹೊಲದಾಗ ಬೆಳಿ ಕಮ್ಮಿ ಇಲ್ಲವ್ವ,” ಅಂದಳು. “ಬೆಳದದ್ದು ಉಣ್ಣಾಕ ಬರವಲ್ದು. ನೀವು ಹೊಲದ ಮಟ ಅಳದು ನಿಂತ್ರಿ, ಮನಿ ಮಟ ಬರಲೇ ಇಲ್ಲ.”

ಆ ಹಂಗಾಮಿನಲ್ಲಿ ಹನ್ನೊಂದು ಊರು ಸುತ್ತಿ ನನ್ನ ಕೈಯಾರೆ ತೂಗಿದೆ. ಹತ್ತು ಚೀಲದಲ್ಲಿ ನಾಲ್ಕು ಕೆಡುತ್ತಿದ್ದವು. ಕೊಳವೆ ಬಂದರೆ ಎರಡು ಚೀಲ ಹೆಚ್ಚುತ್ತಿತ್ತು, ಹೆಚ್ಚಿದ್ದೂ ಇದೇ ಹಿಮ್ಮಳೆಗೆ ಸಿಕ್ಕುತ್ತಿತ್ತು. ಕಟ್ಟೆಯನ್ನು ಮೊದಲಿಗೆ ಬರೆದೆ, ಕೊಳವೆಯನ್ನು ಎರಡನೆಯದಕ್ಕೆ.

ಸಭೆಗೆ ಎಂಟು ದಿನವಿತ್ತು. ತಮ್ಮನಿಗೆ ಹೇಳಬೇಕಿತ್ತು. ಒಂದು ದಿನ ಅವನ ಓಣಿಯ ತಿರುವಿನವರೆಗೂ ಹೋದೆ. ಅಂಜೂರದ ಗಿಡಗಳ ನಡುವೆ ಕೊಡ ಹಿಡಿದು ಬಗ್ಗಿದ್ದ. ಹಾಗೇ ಹಿಂದಿರುಗಿದೆ. ಅವನಿಗೆ ವಿಷಯ ಗೊತ್ತಾದದ್ದು ತುಂಬಿದ ಸಭೆಯಲ್ಲಿ, ನಾನು ಓದಿದಾಗ. ಅವನು ದನಿ ಎತ್ತರಿಸಲಿಲ್ಲ.

“ಅಕ್ಕಾ, ನಿನ್ನ ಲೆಕ್ಕ ಖರೇ ಇರಬಹುದು. ನನಗ ಮೊದಲ ಹೇಳಿದ್ರ ಐದೂರಿನ ಮಂದಿಗೆ ನಾನ ತಿಳಿಸಿ ಹೇಳ್ತಿದ್ದೆ. ಈಗ ಅವರ ಮುಂದ ನಾ ಸುಳ್ಳ ಹೇಳಿದಂಗಾತು.”

ಸಭೆ ನನ್ನ ಸಾಲನ್ನು ಒಪ್ಪಿತು. ಎರಡು ವರ್ಷದಲ್ಲಿ ಕಟ್ಟೆಗಳು ಎದ್ದವು. ಮೂರನೆಯ ವರ್ಷ ಹಿಮ್ಮಳೆ ಒಂಬತ್ತು ದಿನ ಹಿಡಿಯಿತು. ಹೆಂಗಸರು ಸರದಿಯ ಮೇಲೆ ಕಾಯಿ ತಿರುವಿದರು, ಶಾಲೆಗಳು ಎಂದಿನಂತೆ ನಡೆದವು. ಹುಲಿಗೆವ್ವನ ಮಗ ಪೂರ್ತಿ ಗುಣವಾಗಲಿಲ್ಲ. ಆದರೆ ಬದುಕಿದ್ದಾನೆ, ಈಗ ಕಟ್ಟೆಯ ಉಸ್ತುವಾರಿ ಅವನದೇ.

ಮೂಡಲ ದಿಕ್ಕಿನಲ್ಲಿ ಹೀಗಾಗಲಿಲ್ಲ. ಅಂಜೂರ ಒಣಗಿದವು. ಮೋಸ ಮಾಡಿದವರ ಕಟ್ಟೆ ನಮಗೆ ಬೇಡ ಎಂದು ಐದರಲ್ಲಿ ಎರಡು ಊರು ಕಲ್ಲು ಇಳಿಸಲೂ ಬಿಡಲಿಲ್ಲ. ನಾಲ್ಕು ವರ್ಷ ಅವರು ಬೂಸ್ಟು ಹಿಡಿದದ್ದನ್ನೇ ಉಂಡರು. ಆ ನಾಲ್ಕು ವರ್ಷದಲ್ಲಿ ಹೊಟ್ಟೆ ಊದಿ ಸತ್ತವರು ಏಳು ಜನ. ಅವರ ಹೆಸರುಗಳು ನನಗೆ ಬಾಯಿಪಾಠ. ಕೊನೆಗೆ ಫಕೀರಪ್ಪನೇ ಮನೆಮನೆಗೆ ಹೋಗಿ, ಬೈಗುಳ ತಿಂದು, ಅವರನ್ನು ಒಪ್ಪಿಸಿದ. ನನ್ನೊಡನೆ ಅವನು ಇಂದಿಗೂ ಬೇಕಾದಷ್ಟೇ ಮಾತಾಡುತ್ತಾನೆ. ಈ ಸುತ್ತಿನಲ್ಲಿ ಕೊಳವೆ ಮೊದಲಿದೆ ಎಂದು ಹೇಳಲು ಹೋದಾಗ, ಬರೆದು ಕೊಡು ಅಂದ.

ನನ್ನ ಆಯ್ಕೆ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆ ಎಂಟು ದಿನ ಸುಮ್ಮನಿದ್ದದ್ದು ತಪ್ಪು. ನೀವೂ ಸಾಲು ಬರೆಯುತ್ತೀರಿ. ಎಲ್ಲದಕ್ಕೂ ಹಣವಿರುವುದಿಲ್ಲ, ಒಂದನ್ನು ಹಿಂದಕ್ಕೆ ಹಾಕಲೇಬೇಕು. ಹಿಂದಕ್ಕೆ ಬಿದ್ದವರ ಮನೆಗೆ ಸಭೆಗೆ ಮುಂಚೆ ನೀವೇ ಹೋಗಿ. ಲೆಕ್ಕ ಬಿಡಿಸಿ ತೋರಿಸಿ. ಅವರು ಬೈದರೆ ಕೂತು ಬೈಸಿಕೊಳ್ಳಿ.

ಈ ಸಲ ಸಾಲಿನಲ್ಲಿ ಎರಡನೆಯದಾಗಿ ಉಳಿದಿರುವುದು ಗುಡ್ಡದ ಮೇಲಿನ ಒಂದು ಹಳ್ಳಿ. ಬಿತ್ತನೆಯ ಬೀಜ ಕಾಪಿಡುವ ಮನೆ ಕೇಳಿದ್ದರು. ನಾಳೆ ಸಭೆ, ಅವರಿಗೆ ಇಂದೇ ಹೋಗಿ ಹೇಳಬೇಕು. ದಾರಿ ಏರು, ನನ್ನ ಮೊಣಕಾಲು ನೋಯುತ್ತದೆ. ಬಿಸಿಲೇರುವ ಮುಂಚೆ ಹೊರಡಬೇಕು.

ರೇಣವ್ವ