ಕಪ್ಪೆಗಳನ್ನು ಹೊಡೆದುಹಾಕಿದ ಪತ್ರ

ಅಕ್ಟೋಬರ್ ೧೮, ಶನಿವಾರ.

ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಫೀಸು ಕಟ್ಟುತ್ತಿರುವ ಮಿಸೆಸ್ ಹಾಲ್ವರ್ಸನ್ ಜೊತೆ ಇವತ್ತು ಕಾಲೇಜಿನಲ್ಲಿ ಊಟವಿತ್ತು. ಅವರೂ ಇಲ್ಲೇ ಓದಿದವರು, ಈಗ ಎಂಬತ್ತೆರಡು ವರ್ಷ.

ಆಗಸ್ಟಿನಲ್ಲಿ ಅವರಿಗೆ ಬರೆದ ಧನ್ಯವಾದದ ಪತ್ರದ ತುಂಬ ನನ್ನ ಓದಿನ ವಿಷಯವಾದ ಜೌಗುಕಪ್ಪೆಗಳೇ ಇದ್ದವು. ಇಂಥ ಪತ್ರಗಳನ್ನು ತಿದ್ದಿ ಕಳಿಸುವ ಕಾಲೇಜಿನ ದೇಣಿಗೆ ಕಚೇರಿಯ ಕೋರಿನ್ ಎಲ್ಲವನ್ನೂ ಹೊಡೆದುಹಾಕಿದಳು. "ಕಪ್ಪೆ ಕಥೆ ಯಾರಿಗೆ ಬೇಕು ಟೆಸಾ? ನಿಮ್ಮಪ್ಪ ಮರದ ಮಿಲ್ಲಲ್ಲಿ ಬಿದ್ದು ಬೆನ್ನು ಮುರ್ಕೊಂಡ್ರಲ್ಲ, ಅದನ್ನ ಮೊದಲು ಹಾಕು. ಓದಿದವರ ಕರುಳು ಚುರ್ರ್ ಅನ್ಬೇಕು."

ಹಾಕಿದೆ. ಅಪ್ಪನಿಗೆ ಹೇಳಲೂ ಇಲ್ಲ.

ಇವತ್ತು ಆ ಅಜ್ಜಿ ಸೂಪಿನ ಚಮಚ ಕೆಳಗಿಟ್ಟು ಮೆಲ್ಲಗೆ ಅಂದರು: "ಹನ್ನೊಂದು ವರ್ಷದಿಂದ ಪತ್ರ ಬರ್ತಿವೆ ಕಣಮ್ಮಾ. ಎಲ್ಲರ ಮನೇಲೂ ಯಾರೋ ಬಿದ್ದಿರ್ತಾರೆ, ಇಲ್ಲಾ ಕಾಯಿಲೆ. ಏನು ಓದ್ತಿದೀವಿ ಅಂತ ಒಬ್ಬರೂ ಬರೆಯಲ್ವಲ್ಲ? ನಾನು ದುಡ್ಡು ಕೊಡೋದು ಓದೋದಕ್ಕೆ."

ಪಕ್ಕದಲ್ಲೇ ಕೂತಿದ್ದ ಕೋರಿನ್ ನಕ್ಕಳು. ನಕ್ಕಳು! "ಅಯ್ಯೋ, ಈಗಿನ ಮಕ್ಕಳಿಗೆ ಬರೆಯೋಕೆ ಎಲ್ಲಿ ಬರುತ್ತೆ ಮೇಡಂ?"

ಹೊಡೆದುಹಾಕಿದ್ದು ಇವಳೇ ಅಂತ ಅಲ್ಲೇ ಹೇಳಿಬಿಡಬೇಕಿತ್ತು. ಮುಂದಿನ ವರ್ಷದ ನೆರವಿನ ಪಟ್ಟಿ ಅವಳ ಕೈಯಲ್ಲೇ ಇದೆ. ಬ್ರೆಡ್ಡು ಚೂರು ಚೂರು ಮಾಡುತ್ತ ಕೂತಿದ್ದೆ, ಹೇಡಿ.

ರೂಮಿಗೆ ಬಂದವಳೇ ಹೊಸ ಪತ್ರ ಶುರು ಮಾಡಿದೆ. ಬರೀ ಕಪ್ಪೆಗಳದ್ದು, ಯಾರಿಗೂ ತೋರಿಸದೆ ನೇರ ಅಂಚೆಗೆ ಹಾಕಲು. ಮೊದಲ ಸಾಲು ತಡವರಿಸದೆ ಬಂತು. ಓದಿ ನೋಡಿದೆ: "ನಮ್ಮಪ್ಪ ಮಿಲ್ಲಿನಲ್ಲಿ ಬಿದ್ದ ವರ್ಷ..."

ಥೂ.