ಅಟ್ಟದಲ್ಲೇ ಉಳಿದದ್ದು

ಜಾವಗಲ್
೯ ನವೆಂಬರ್ ೨೦೨೪

ಪ್ರೀತಿಯ ತಮ್ಮ ದೇವರಾಜನಿಗೆ ಲತಕ್ಕನ ಆಶೀರ್ವಾದ.

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಲಾರಿ ಓಡಿಸುವ ಮರಿಯಣ್ಣ ಹೊಸಪೇಟೆಯ ನಿನ್ನ ಗ್ಯಾರೇಜಿಗೆ ಹೋಗಿದ್ದನಂತೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೀಯಂತೆ, ಸಿಗರೇಟು ಮಾತ್ರ ಕೈ ಬಿಟ್ಟಿಲ್ಲವಂತೆ. ಫೋನ್ ತೆಗೆಯದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಅಮ್ಮ ಇದ್ದಾಳೆ, ಅಷ್ಟೆ. ಅಪ್ಪನ ಮಣ್ಣಿಗೆ ನೀನು ಬರಲಿಲ್ಲವೆಂದು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಪ್ಪನ ಹೊಟ್ಟೆ ಊದಿಕೊಂಡಾಗ ನೀನು ಅರಳಿಕಟ್ಟೆಯ ಮುಂದೆ ನಿಂತು "ಕದ್ದು ಕುಡ್ದು ಲಿವರ್ ಸುಟ್ಕಂಡವ್ನೆ, ಇಂಥೋನ ಮನೇಲಿ ನಾನಿರಲ್ಲ" ಎಂದು ಕೂಗಿ ಹೊರಟುಹೋದೆ. ನಿನ್ನೊಬ್ಬನದೇ ತಪ್ಪಲ್ಲ ಕಣೋ, ಊರೆಲ್ಲ ಅದನ್ನೇ ಅಂದಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನಾನೂ ಅವನ ಹಾಸಿಗೆಯ ಕೆಳಗೆ ಬಾಟಲಿ ಹುಡುಕಿದೆ. ಬಾಗಿಲಲ್ಲಿ ನಿಂತು ನೋಡಿದ ಅಪ್ಪ "ಹುಡುಕವ್ವ, ಸಿಕ್ರೆ ನಂಗೂ ಒಂಚೂರು ಕೊಡು" ಎಂದು ನಕ್ಕ.

ಅವನು ಹೋಗುವ ಹದಿನೈದು ದಿನ ಮುಂಚೆ ಹಾಸನದಲ್ಲಿ ಲಿವರಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಅಪ್ಪ ಕುಡಿದವನೇ ಅಲ್ಲ. ಲಿವರು ಒಂದು ಪ್ರೋಟೀನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಶ್ವಾಸಕೋಶ ಕಾಯುವುದು ಅದರ ಕೆಲಸ. ಅಪ್ಪ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಸದ್ದು ಮಾಡಿದರೆ ಅರಸೀಕೆರೆ ಮಂಡಿಗೆ ಇಳಿಸಿ, ಸದ್ದಿಲ್ಲದ್ದನ್ನು ಅಲ್ಲೇ ಬಿಡುತ್ತಿರಲಿಲ್ಲವೇ? ಜೀವಕೋಶದಲ್ಲೂ ಹಾಗೇ. ಎಳೆಯಾಗಿ ತಯಾರಾದ ಪ್ರೋಟೀನು ಸರಿಯಾಗಿ ಮಡಿಚಿಕೊಂಡಿದೆಯೇ ಎಂದು ಪರೀಕ್ಷೆಯಾಗುತ್ತದೆ, ಸರಿಯಿದ್ದರೆ ಪುಟ್ಟ ಚೀಲದಲ್ಲಿ ಹೊರಗೆ ಸಾಗುತ್ತದೆ. ಅಪ್ಪನಲ್ಲಿ ಅದು ಹುಟ್ಟಿನಿಂದಲೇ ಮಡಿಕೆ ತಪ್ಪುತ್ತಿತ್ತು. ಹೊರಗೆ ಹೋಗಲಾರದೆ, ಅಲ್ಲೇ ಕರಗಲಾರದೆ, ಅರವತ್ತು ವರ್ಷ ಪೇರಿಕೊಂಡು ಕೊನೆಗೆ ಅಟ್ಟವೇ ಕುಸಿಯಿತು. ಹನ್ನೊಂದು ವರ್ಷದಿಂದ ಹುಡುಗರಿಗೆ ಇದೇ ಪಾಠ ಮಾಡುತ್ತಿದ್ದೇನೆ. ಮನೆಯಲ್ಲಿ ಮಾತ್ರ ಬಾಟಲಿ ಹುಡುಕಿದೆ. ನಾಚಿಕೆಯಾಗುತ್ತದೆ ದೇವು.

ವರದಿ ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ದ್ಯಾವ್ರಾಜಂಗೆ ಗೊತ್ತಾಯ್ತಾ?" ಗೊತ್ತಾಗಿದೆ, ಬರ್ತಾನಂತೆ ಎಂದು ಸುಳ್ಳು ಹೇಳಿದೆ. ಆಮೇಲೆ ಬಸ್ಸಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದ.

ನಿನಗೆ ಒಳ್ಳೆಯದಾಗಲಿ. ಅಮ್ಮ ಕೇಳಿದಳೆಂದು ತಿಳಿ.

ನಿನ್ನ ಅಕ್ಕ,
ಲತಾಮಣಿ

ತಾ.ಕ.: ಕಾಲೇಜಿನ ಬಸ್ಸಿಗೆ ಹೊತ್ತಾಯಿತು, ಹೇಳಬೇಕಾದದ್ದೇ ಉಳಿದಿದೆ. ಇದು ವಂಶದಲ್ಲಿ ಬರುವ ರೋಗ. ಅಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು, ಹಾಗಾಗಿ ಅಮ್ಮನಿಂದಲೂ ನಮಗೆ ಬರಬಹುದು. ನನ್ನ ರಕ್ತ ಪರೀಕ್ಷೆ ಆಯಿತು, ಅಪ್ಪನ ರೋಗವೇ ನನ್ನದೂ. ಆ ಪ್ರೋಟೀನು ತಲುಪದ ಶ್ವಾಸಕೋಶಕ್ಕೆ ಹೊಗೆಯೇ ವಿಷ. ನಿನ್ನ ಏದುಸಿರು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಸಿಗರೇಟು ಇವತ್ತೇ ಬಿಸಾಡು, ಪರೀಕ್ಷೆ ಮಾಡಿಸಿಕೋ, ಉತ್ತರ ಬರಿ. ನೀನು ಬರುತ್ತೀಯೆಂದು ಅಪ್ಪನಿಗೆ ಸುಳ್ಳು ಹೇಳಿದ್ದು ಸಾಕು, ಅಮ್ಮನಿಗೂ ಹೇಳಿಸಬೇಡ.